ತಲೆ ನೋಡಲು ಮಸ್ಕತ್ತಿಗೆ ಬಂದವಳು

ಜಂಜಿಬಾರಿನ ಜುವೇನಾ ಮಸ್ಕತ್ತಿನಲ್ಲಿರುವ ತಂಗಿಯ ಮನೆಗೆ ಬಂದಿಳಿದಾಗ ಅವಳ ಪೆಟ್ಟಿಗೆಯ ತುಂಬ ಲವಂಗ, ದಾಲ್ಚಿನ್ನಿ, ಮಾವಿನಕಾಯಿಯ ಉಪ್ಪಿನಕಾಯಿ. ಮನಸ್ಸಿನ ತುಂಬ ಮಾತ್ರ ಒಂದೇ ಆಸೆ. ತಾನು ಹೊಲಿದ ಟೋಪಿಯನ್ನು ಈ ಊರಿನ ಯಾವನಾದರೊಬ್ಬ ಗಂಡಸು ತಲೆಯ ಮೇಲಿಟ್ಟುಕೊಂಡು ಓಡಾಡುವುದನ್ನು ಕಣ್ಣಾರೆ ನೋಡಬೇಕು.

ಹರೆಯದಿಂದಲೂ ಅವಳು ಮಾಡಿಕೊಂಡು ಬಂದದ್ದು ಇದೊಂದೇ ಕೆಲಸ. ಬಿಳಿ ಬಟ್ಟೆಯಲ್ಲಿ ಸೂಜಿಯಿಂದ ಸಾಸಿವೆಯಷ್ಟು ತೂತು ಮಾಡಿ, ಅದರ ಸುತ್ತ ದಾರ ಬಿಗಿದು, ತೂತುಗಳಲ್ಲೇ ಚಿತ್ತಾರ ಎಬ್ಬಿಸುವುದು. ಒಂದು ಟೋಪಿ ಮುಗಿಯುವಷ್ಟರಲ್ಲಿ ಒಂದು ಮಳೆಗಾಲ ಕಳೆದುಹೋಗುತ್ತಿತ್ತು. ಗಂಡ ತೀರಿಹೋದ ಮೇಲೆ ಮನೆ ನಡೆದದ್ದು, ಮಗನ ಮದುವೆಯಾದದ್ದು ಎಲ್ಲ ಆ ತೂತುಗಳಿಂದಲೇ. ಟೋಪಿಗಳು ವ್ಯಾಪಾರಿಯ ಕೈ ಸೇರಿ ಸಮುದ್ರ ದಾಟುತ್ತಿದ್ದವು. ಆಮೇಲೆ ಅವು ಎಲ್ಲಿ ಹೋದವೋ, ಯಾರ ತಲೆ ಏರಿದವೋ ಅವಳಿಗೆ ಗೊತ್ತಿಲ್ಲ.

ಈಚೆಗೆ ಆ ವ್ಯಾಪಾರಿ, "ಇನ್ನು ತರಬೇಡಮ್ಮ, ಮಸ್ಕತ್ತಿನಲ್ಲಿ ಎಲ್ಲರೂ ಮಿಷನ್ನಿನಲ್ಲಿ ಹೊಲಿದ ಟೋಪಿಗೇ ಇಳಿದಿದ್ದಾರೆ" ಅಂದುಬಿಟ್ಟಿದ್ದ. ಅದೇ ಹೊತ್ತಿಗೆ ಮೊಮ್ಮಗಳು ತತು ಕಲಿಯಲೆಂದು ಸೂಜಿ ಹಿಡಿದು ಪಕ್ಕಕ್ಕೆ ಬಂದು ಕೂತಿದ್ದಳು. "ಸ್ವಲ್ಪ ತಾಳು, ನಾನು ಹೋಗಿ ನೋಡ್ಕೊಂಡು ಬರ್ತೀನಿ. ಯಾರೂ ಹಾಕ್ದೇ ಇರೋದಕ್ಕೆ ನಿನ್ನ ಕಣ್ಣು ಯಾಕೆ ಹಾಳು ಮಾಡ್ಲಿ?" ಎಂದು ಹೇಳಿ ಜುವೇನಾ ವಿಮಾನ ಹತ್ತಿದ್ದಳು.

ಬಂದ ದಿನವೇ ತಂಗಿಯ ಗಂಡ ಖಲ್ಫಾನನ ತಲೆ ನೋಡಿದಳು. ಮಿಷನ್ ಟೋಪಿ! ಅವನು ತಲೆ ಮುಟ್ಟಿಕೊಂಡು ನಕ್ಕ. "ನೀವು ಕಳ್ಸಿದ್ದು ಭದ್ರವಾಗಿ ಎತ್ತಿಟ್ಟಿದ್ದೀನಿ ಅತ್ತಿಗೆ. ಅಂಥಾ ಟೋಪೀನ ದಿನಾ ಹಾಕ್ಕೊಳ್ಳಕ್ಕಾಗತ್ತಾ?" ಮರ್ಯಾದೆಯ ಮಾತೇ. ಆದರೂ ಅವಳಿಗೆ ಎಲ್ಲೋ ಚುಚ್ಚಿತು.

ಮರುದಿನದಿಂದ ಊರು ತೋರಿಸುವ ಸಂಭ್ರಮ. ಖಲ್ಫಾನನಿಗೆ ತನ್ನ ಊರಿನ ಮೇಲೆ ವಿಪರೀತ ಹೆಮ್ಮೆ. ಗುಡ್ಡದ ಮೇಲಿನ ಕೋಟೆ, ದೊಡ್ಡ ಮಸೀದಿಯ ದೀಪದ ಗೊಂಚಲು, ಬಂದರಿನ ಬಿಳಿ ಹಡಗು ಒಂದೂ ಬಿಡದೆ ತೋರಿಸಿದ. ಜುವೇನಾ "ಹೌದಾ, ಭೇಷ್" ಅನ್ನುತ್ತ ಕೋಟೆಯ ಕಾವಲುಗಾರನ ತಲೆಯನ್ನೂ ಮಸೀದಿಯಿಂದ ಹೊರಬರುವವರ ತಲೆಗಳನ್ನೂ ನೋಡುತ್ತಿದ್ದಳು. ಹಲ್ವದ ಅಂಗಡಿಯಲ್ಲಿ ಒಬ್ಬ ಹಿರಿಯರ ಬೆನ್ನ ಹಿಂದೆಯೇ ನಿಂತು ಕತ್ತು ಚಾಚಿದಾಗ ತಂಗಿ ರಾಯಾ ಅವಳ ತೋಳು ಜಿಗುಟಿದಳು.

"ಅಕ್ಕಾ, ನಿನ್ನ ವಯಸ್ಸಿಗೆ ಇದು ಬೇಕಾ? ಗಂಡಸರ ತಲೆ ನೋಡೋಕೆ ಸಮುದ್ರ ದಾಟ್ಕೊಂಡು ಬಂದ್ಯಾ?"

"ಹೂಂ ಕಣೇ, ಅದಕ್ಕೇ ಬಂದಿದ್ದು. ಮುಖ ಯಾರಿಗೆ ಬೇಕು?"

ಮತ್ರಾದ ಹಳೆಯ ಪೇಟೆಯಲ್ಲಿ ಟೋಪಿಗಳು ರಾಶಿರಾಶಿಯಾಗಿ ಬಿದ್ದಿದ್ದವು. ಒಂದನ್ನು ಬೆಳಕಿಗೆ ಹಿಡಿದಳು. ತೂತಿನಂತೆ ಕಾಣುವ ಹೊಲಿಗೆ, ತೂತೇ ಇಲ್ಲ! ಅಂಗಡಿಯವನು, "ಯಾರಿಗೆ ಗೊತ್ತಾಗತ್ತೆ ತಾಯಿ?" ಅಂದ. ಜುವೇನಾ ಟೋಪಿಯನ್ನು ಮಡಿಸಿ ಅಲ್ಲೇ ಇಟ್ಟಳು. ಆವತ್ತು ರಾತ್ರಿ ಊಟಕ್ಕೆ ಕೂತರೂ ಅನ್ನ ಕಲೆಸುತ್ತಲೇ ಇದ್ದಳು, ಬಾಯಿಗೆ ಹೋಗಲಿಲ್ಲ. ತತುವಿಗೆ ಏನು ಹೇಳುವುದು?

ಶುಕ್ರವಾರದ ಅಡುಗೆಗೆ ಮೀನು ತರಲು ಮೂವರೂ ಬೆಳಿಗ್ಗೆಯೇ ಬಂದರಿನ ಮೀನು ಮಾರುಕಟ್ಟೆಗೆ ಹೋದರು. ಖಲ್ಫಾನ ಅಂಜಲ್ ಮೀನಿನ ಕಿವಿರು ಎತ್ತಿ ನೋಡುತ್ತಿದ್ದ. ಮೀನು ಕೊಯ್ಯುತ್ತಿದ್ದವನು ಬಗ್ಗಿದ. ಜುವೇನಾಳ ಕಣ್ಣು ಅವನ ತಲೆಯ ಮೇಲೆ ನೆಟ್ಟಿತು.

ಟೋಪಿಯ ಅಂಚಿನಲ್ಲಿ ಲವಂಗದ ಮೊಗ್ಗು. ಅವಳ ಕೇರಿಯಲ್ಲಿ ಎಲ್ಲರೂ ಮೊಗ್ಗನ್ನು ನೆಟ್ಟಗೆ ನಿಲ್ಲಿಸುತ್ತಿದ್ದರು. ಅವಳೊಬ್ಬಳು ಮಾತ್ರ ಗಾಳಿ ಬೀಸಿದ ಹಾಗೆ ಒಂದು ಮಗ್ಗುಲಿಗೆ ಬಾಗಿಸುತ್ತಿದ್ದಳು.

"ಏಯ್ ಮಗಾ! ಅಲ್ಲಾಡಬೇಡ, ಹಾಗೇ ಬಗ್ಗಿರು!"

ಹಮೂದ್ ಎಂಬ ಆ ಮೀನಿನವನು ಗಾಬರಿಯಿಂದ ಕತ್ತಿಯನ್ನು ಮೇಲೆತ್ತಿದ. "ಏನಾಯ್ತು ತಾಯಿ? ಹುಳ ಏನಾದ್ರೂ ಕೂತಿದ್ಯಾ?"

ಪರಗಂಡಸಿನ ತಲೆ ಮುಟ್ಟುವ ಹಾಗಿಲ್ಲ. ಕೈ ಬೆನ್ನಿಗೆ ಕಟ್ಟಿಕೊಂಡು ಅವನ ಸುತ್ತ ಒಂದು ಸುತ್ತು ಬಂದಳು. ಮೀನಿನ ಹುರುಪೆ ಮೆತ್ತಿದೆ, ಬಿಳಿ ಬಣ್ಣ ಚಹಾ ಬಣ್ಣಕ್ಕೆ ತಿರುಗಿದೆ, ಒಂದು ಕಡೆ ಹರಿದದ್ದನ್ನು ಕರಿ ದಾರದಿಂದ ಗೋಣಿಚೀಲದಂತೆ ಹೊಲಿದಿದ್ದಾರೆ.

"ಯಾವ ಪುಣ್ಯಾತ್ಮ ಹೊಲಿದಿದ್ದು ಇದನ್ನ?"

"ನಾನೇ. ಬಲೆ ಹೊಲಿಯೋ ದಾರದಲ್ಲಿ."

"ಟೋಪಿ ಹೊಲಿದವಳು ನಾನು ಕಣೋ!"

ಅವನು ನಂಬದೆ ಖಲ್ಫಾನನ ಕಡೆ ನೋಡಿದ. ಖಲ್ಫಾನ ನಾಚಿಕೊಂಡೇ ತಲೆಯಾಡಿಸಿದ. ಹಮೂದ್ ಕತ್ತಿ ಕೆಳಗಿಟ್ಟ. "ನಮ್ಮಪ್ಪ ಕೊಡ್ಸಿದ್ದು ತಾಯಿ. ಆಮೇಲೆ ಹೊಸಾವು ಎಷ್ಟೋ ತಗೊಂಡೆ. ಅವನ್ನ ಹಾಕ್ಕೊಂಡ್ರೆ ಈ ಬಿಸ್ಲಲ್ಲಿ ತಲೆ ಬೆಂದುಹೋಗತ್ತೆ. ಇದ್ರಲ್ಲಿ ಗಾಳಿ ಆಡತ್ತೆ. ಹೆಂಡ್ತಿ ಬಿಸಾಕು ಅಂತಾಳೆ, ಬಚ್ಚಿಟ್ಕೊಂಡು ಹಾಕ್ತೀನಿ."

ಗಾಳಿ ಆಡುತ್ತದೆ! ಜುವೇನಾಳಿಗೆ ಒಮ್ಮೆಲೇ ನಗು ಬಂತು, ಕಣ್ಣೂ ಒದ್ದೆಯಾಯಿತು. ಮುಸುಕಿನ ತುದಿಯಲ್ಲಿ ಒರೆಸಿಕೊಂಡು ಕೈಚೀಲದಿಂದ ಸೂಜಿ, ಬಿಳಿ ದಾರ ತೆಗೆದಳು. "ಕೊಡಿಲ್ಲಿ."

"ಬರಿತಲೇಲಿ ಹೆಂಗಸರ ಮುಂದೆ ನಿಲ್ಲೋದು ಹೇಗೆ?" ಎಂದು ಹಮೂದ್ ತಲೆ ಹಿಡಿದುಕೊಂಡ.

"ಹೆಗಲ ಮೇಲಿರೋ ಟವಲ್ ಸುತ್ಕೋ. ನಾನು ಆ ಕಡೆ ತಿರುಗ್ತೀನಿ."

ಮಗುಚಿಟ್ಟ ಮೀನಿನ ಬುಟ್ಟಿಯ ಮೇಲೆ ಕೂತು ಅವಳು ಕರಿ ದಾರವನ್ನು ಎಳೆ ಎಳೆಯಾಗಿ ಬಿಚ್ಚಿದಳು. ಗಿರಾಕಿಗಳು ಸುತ್ತ ನೆರೆದರು. "ಬೇಗ ಕೊಯ್ಯಪ್ಪ" ಎಂದು ಒಬ್ಬ ಅವಸರ ಮಾಡಿದಾಗ, "ಟೋಪಿ ಬರ್ಲಿ ತಡ್ಕೋ" ಎಂದು ಇನ್ನೊಬ್ಬ ಗದರಿದ. ರಾಯಾ ಮುಸುಕಿನೊಳಗೇ ನಗುತ್ತ, "ಅಕ್ಕಾ, ನೊಣ ಮುತ್ತಿದಾವೆ, ಮನೆಗೆ ತಗೊಂಡು ಹೋಗಿ ಹೊಲಿಬಾರದಾ?" ಎಂದರೆ, "ಅಷ್ಟು ಹೊತ್ತು ಇವನ ತಲೆ ಬೇಯ್ಬೇಕಾ?" ಎಂದಳು ಜುವೇನಾ.

ಹೊಲಿದು ಮುಗಿಸಿ, ಸೋಪಿನಲ್ಲಿ ನೆನೆಹಾಕಿ ತೊಳೆಯಬೇಕು, ಬೋಗುಣಿ ಬೋರಲು ಹಾಕಿ ಅದರ ಮೇಲೆ ಒಣಗಿಸಬೇಕು ಎಂದು ಪಾಠ ಹೇಳಿಯೇ ಕೊಟ್ಟಳು. ಹಮೂದ್ ಅದನ್ನು ಎರಡೂ ಕೈಯಲ್ಲಿ ಹಿಡಿದು ತಲೆಗಿಟ್ಟುಕೊಂಡ. ಆಮೇಲೆ ಒಂದು ಹುರಿಯನ್ನು ತಲೆಯ ಸುತ್ತ ಹಿಡಿದು ಅಳತೆಗೆ ಗಂಟು ಹಾಕಿ ಮುಂದೆ ಚಾಚಿದ. "ಇನ್ನೊಂದು ಬೇಕು ತಾಯಿ. ತಡ ಆದ್ರೂ ಚಿಂತೆಯಿಲ್ಲ."

"ಆ ಹುರಿ ಕಾರಿನೊಳಗೆ ಬೇಡಪ್ಪ, ನಾರುತ್ತೆ" ಎಂದು ರಾಯಾ ಕೂಗಿದಳು. ಜುವೇನಾ ಅದನ್ನು ಆಗಲೇ ಚೀಲಕ್ಕೆ ಹಾಕಿಕೊಂಡಾಗಿತ್ತು.

ಮನೆಗೆ ಹಿಂದಿರುಗುವ ದಾರಿಯಲ್ಲೇ ತತುವಿಗೆ ಫೋನು ಹಚ್ಚಿದಳು.

"ಅಜ್ಜೀ, ಏನೇನು ನೋಡಿದೆ?"

"ಅದೆಲ್ಲ ಬಂದು ಹೇಳ್ತೀನಿ. ಈಗ ಪೆಟ್ಟಿಗೇಲಿರೋ ಬಿಳಿ ಬಟ್ಟೆ ತೆಗ್ದು ಬಿಸಿನೀರಲ್ಲಿ ನೆನೆಹಾಕು. ಗಂಜಿ ಪೂರ್ತಿ ಹೋಗ್ಬೇಕು, ಇಲ್ದಿದ್ರೆ ಸೂಜಿ ಇಳಿಯಲ್ಲ. ಬಾಗಿಲ ಹತ್ತಿರ ಕೂತ್ಕೊಂಡು ತೂತು ಹಾಕಿ ಅಭ್ಯಾಸ ಮಾಡು, ಕತ್ತಲಲ್ಲಿ ಮಾಡಿದ್ಯೋ ಕೈ ಮುರೀತೀನಿ."

"ಮೊಗ್ಗು ಯಾವ ಕಡೆಗೆ ಬಾಗಿಸ್ಲಿ ಅಜ್ಜೀ?"

ಜುವೇನಾ ಚೀಲದೊಳಗಿನ ಹುರಿಯ ಗಂಟನ್ನು ಸವರಿದಳು. "ಅದನ್ನ ನೀನೇ ಆರಿಸ್ಕೋ. ಆದ್ರೆ ಒಂದ್ಸಲ ಆರಿಸ್ಕೊಂಡ ಮೇಲೆ ಸಾಯೋ ತನಕ ಅದೇ ಇರ್ಲಿ."