ಬರೋಬರಿಗೆ ಎಷ್ಟು ಮಾರ್ಕ್ಸ್?

“ಬರೋಬರಿ ರಿ” ಅಂದಳು ಹುಡುಗಿ.

“ಬರೋಬ್ಬರಿ ಎಷ್ಟು?” ಅಂದರು ಮೇಡಂ.

ನಾನು ನಗಬಾರದಿತ್ತು. ನಕ್ಕುಬಿಟ್ಟೆ.

ಮೇಡಂದೇನೂ ತಪ್ಪಿಲ್ಲ ಬಿಡಿ. ಅವರು ಮಂಡ್ಯದ ಕಡೆಯವರು. ಅವರ ಕಿವಿಗೆ ‘ಬರೋಬ್ಬರಿ’ ಬಿದ್ದರೆ ಹಿಂದೆಯೇ ಒಂದು ದೊಡ್ಡ ಅಂಕಿ ಬರಬೇಕು. (ಟಿವಿಯವರ ಕೃಪೆ. ಅಲ್ಲಿ ಬರೋಬ್ಬರಿ ಎಂದಮೇಲೆ ಕೋಟಿಗಿಂತ ಕೆಳಗೆ ಯಾರೂ ಇಳಿಯುವುದಿಲ್ಲ.) ನಮ್ಮ ಯಾದಗಿರಿ, ಶಹಾಪುರ, ಸುರಪುರದಲ್ಲಿ ಹಾಗಲ್ಲ. ಇಲ್ಲಿ ಬರೋಬರಿ ಎಂದರೆ ಸರಿ. ಬರೋಬರಿ ಎಂದರೆ ಸಮಾನವೂ ಹೌದು. ಎರಡಕ್ಕೂ ಒಂದೇ ಮಾತು ಸಾಕಾಗಿದೆ ನಮಗೆ.

ಮೇಡಂ ಕೇಳಿದ್ದು ಇಷ್ಟೇ: ಸಮಾನತೆ ಎಂದರೇನು?

ನಾನು ಶಹಾಪುರದ ಡಿಗ್ರಿ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು ಎಂಬುದು ನಿಮಗೆ ಗೊತ್ತೇ ಇದೆ. ಗೊತ್ತಿಲ್ಲದ ಸಂಗತಿ, ಸಂವಿಧಾನದ ಪೇಪರನ್ನೂ ನಾನೇ ಪಾಠ ಮಾಡುತ್ತೇನೆ ಎಂಬುದು. ಅದು ‘ಕೋರ್’ ಪೇಪರ್. ಬಿ.ಎ., ಬಿ.ಕಾಂ., ಬಿ.ಎಸ್ಸಿ. ಎಲ್ಲರಿಗೂ ಕಡ್ಡಾಯ. ಎಲ್ಲರಿಗೂ ಕಡ್ಡಾಯವಾದ್ದನ್ನು ಯಾರು ಕಲಿಸಬೇಕು? ಟೈಂಟೇಬಲ್‌ನಲ್ಲಿ ಯಾರು ಖಾಲಿ ಇದ್ದಾರೋ ಅವರು. ಹಾಗೆ ನನ್ನ ಕೊರಳಿಗೆ ಬಿತ್ತು.

ಈ ಸಲ ವಿಶ್ವವಿದ್ಯಾಲಯಕ್ಕೆ ಒಂದು ಅನುಮಾನ ಬಂತು. ಕೋರ್ ಪೇಪರ್‌ನಲ್ಲಿ ಮಕ್ಕಳು ನಿಜವಾಗಿ ಏನಾದರೂ ಕಲಿಯುತ್ತಿದ್ದಾರೆಯೇ, ಇಲ್ಲ ಗೈಡ್ ನೋಡಿ ಬರೆದು ಹೋಗುತ್ತಿದ್ದಾರೆಯೇ? ಒಳ್ಳೆಯ ಅನುಮಾನ. ನನಗೂ ಬಹಳ ದಿನದಿಂದ ಇತ್ತು. ಪರಿಹಾರವಾಗಿ ಮೌಖಿಕ ಪರೀಕ್ಷೆ ಬಂತು. ಹೊರಗಿನಿಂದ ಒಬ್ಬರು ಪರೀಕ್ಷಕರು, ಅವರೇ ಈ ಮೇಡಂ; ಕಾಲೇಜಿನಿಂದ ಒಬ್ಬರು, ನಾನು. ನಡುವೆ ಒಂದು ಟ್ಯಾಬ್ಲೆಟ್. ಒಬ್ಬರಿಗೆ ಒಂದೇ ಪ್ರಶ್ನೆ, ಅದಕ್ಕೆ ಟ್ಯಾಬ್ಲೆಟ್‌ನೊಳಗೆ ಮೂರು ಚೌಕ: ಸಿಲೇಬಸ್‌ನಲ್ಲಿರುವ ವ್ಯಾಖ್ಯೆ ಹೇಳಿದರೇ, ವಿಧಿಯ ನಂಬರ್ ಹೇಳಿದರೇ, ಉದಾಹರಣೆ ಕೊಟ್ಟರೇ? ಎರಡಕ್ಕೆ ಟಿಕ್ ಬಿದ್ದರೆ ಹಸಿರು. ಇಲ್ಲವಾದರೆ ಕೆಂಪು, ಎಂದರೆ ಫೇಲು.

ಬರೋಬರಿ ಎಂದ ಹುಡುಗಿಯ ಹೆಸರು ದೇವಮ್ಮ. ಅವಳಿಗಿಂತ ಮುಂಚೆ ಬಂದ ಹುಡುಗ ವಿಧಿ ಹದಿನಾಲ್ಕನ್ನು ಉಸಿರು ತೆಗೆದುಕೊಳ್ಳದೆ ಒಪ್ಪಿಸಿದ. ಉದಾಹರಣೆ ಕೊಡಪ್ಪ ಅಂದರೆ, ಅದು ಸಿಲೇಬಸ್‌ನಾಗ ಇಲ್ರಿ ಎಂದ. ಪಾಪ, ಇರಲಿಲ್ಲ. ಹಸಿರು ಬಿತ್ತು, ಹೋದ.

ಆಮೇಲೆ ದೇವಮ್ಮ. ಸುರಪುರ ತಾಲ್ಲೂಕಿನ ಹೊಳೆದಂಡೆಯ ಊರಿನವಳು. ಅಪ್ಪ ಕೃಷ್ಣೆಯಲ್ಲಿ ಮೀನು ಹಿಡಿಯುತ್ತಾನೆ, ಅವ್ವ ಸುರಪುರದಲ್ಲಿ ಮಾರುತ್ತಾಳೆ. ಫೈನಲ್ ಇಯರ್. ಉಳಿದೆಲ್ಲ ಪಾಸು, ಇದೊಂದೇ ಬಾಕಿ. ಯಾದಗಿರಿಯಲ್ಲಿ ಬಿ.ಎಡ್. ಸೀಟು ಸಿಕ್ಕಿದೆ, ಆದರೆ ಡಿಗ್ರಿ ಮುಗಿದಿರಬೇಕು. ಇದರಲ್ಲಿ ಕೆಂಪು ಬಿದ್ದರೆ ಸೀಟು ಹೋಗುತ್ತದೆ. ಸೀಟು ಹೋದರೆ ಓದು ಸಾಕು ಮಾಡು ಎಂದು ಮನೆಯಲ್ಲಿ ಮೊದಲೇ ಹೇಳಿಯಾಗಿದೆ. ಇದೆಲ್ಲ ನನಗೆ ಗೊತ್ತಿತ್ತು. ಮೇಡಂಗೆ ಗೊತ್ತಿರಲಿಲ್ಲ.

ಬರೋಬರಿಯ ಅರ್ಥವನ್ನು ನಾನು ಮೇಡಂಗೆ ಬಿಡಿಸಿ ಹೇಳಿದೆ. ಅವರೂ ನಕ್ಕರು. ಒಳ್ಳೆಯ ಮನುಷ್ಯರು. ಸರಿ, ಸಮಾನತೆಗೆ ನಿನ್ನದೇ ಒಂದು ಉದಾಹರಣೆ ಕೊಡು ಎಂದು ಹುಡುಗಿಯನ್ನು ಕೇಳಿದರು.

“ಮೀನು ಹಿಡದು ಬಂದಮ್ಯಾಲ ದಂಡಿಗೆ ಗುಂಪಿ ಹಾಕ್ತಾರ್ರಿ” ಎಂದು ಶುರು ಮಾಡಿದಳು. “ಎಷ್ಟು ಮಂದಿ ಹೋಗಿರ್ತಾರ, ಅಷ್ಟು ಗುಂಪಿ. ಒಬ್ಬಾಂವ ಆಕಡಿ ಮಾರಿ ಮಾಡಿ ನಿಂದರ್ತಾನ. ಇನ್ನೊಬ್ಬಾಂವ ಒಂದು ಗುಂಪಿ ಮ್ಯಾಲ ಕೈ ಇಟ್ಟು, ಇದು ಯಾರ್ದು ಅಂತ ಕೇಳ್ತಾನ. ಆಕಡಿ ನಿಂತಾಂವ ಒಂದು ಹೆಸರು ಹೇಳ್ತಾನ. ಅವ್ರಿಗೆ ಅದು. ಮಾರಿ ನೋಡಿ ಕೊಟ್ರ ಬರೋಬರಿ ಆಗಂಗಿಲ್ರಿ.”

ಮೇಡಂ ಟ್ಯಾಬ್ಲೆಟ್ ಕೆಳಗಿಟ್ಟರು. ವರ್ಷಗಟ್ಟಲೆ ಈ ಪೇಪರ್ ಪಾಠ ಮಾಡಿದ್ದೇನೆ. ಕಾನೂನಿಗೆ ಯಾರ ಮಾರಿಯೂ, ಎಂದರೆ ಮುಖವೂ, ಕಾಣಬಾರದು ಎಂಬುದನ್ನು ಬೋರ್ಡ್ ತುಂಬ ಬರೆದಿದ್ದೇನೆ. ಒಂದು ದಿನವೂ ಅದು ಹೊಳೆಯ ದಂಡೆಗೆ ಹೋಗಿ ನಿಂತಿರಲಿಲ್ಲ.

ಉದಾಹರಣೆಯ ಚೌಕಕ್ಕೆ ಟಿಕ್ ಬಿತ್ತು. ವಿಧಿ ಯಾವುದಮ್ಮ? “ನೆನಪಾಗವಲ್ದು ರಿ.” ವ್ಯಾಖ್ಯೆ? ಬರೋಬರಿ ಅಂದ್ರ ಬರೋಬರಿ, ಎಲ್ಲಾರಿಗೂ ಒಂದ ಎಂದಳು. ಚೌಕದೊಳಗೆ ಇರಬೇಕಾದ ವಾಕ್ಯ ಅದಲ್ಲ.

ಮೇಡಂ ಪೇಚಿಗೆ ಸಿಕ್ಕರು. ತನಗೆ ಉತ್ತರ ಬಹಳ ಹಿಡಿಸಿದೆ, ಆದರೆ ಹಿಡಿಸಿದವರಿಗೆಲ್ಲ ಟಿಕ್ ಹಾಕುತ್ತ ಹೋದರೆ ಉಳಿದವರಿಗೆ ಅನ್ಯಾಯವಲ್ಲವೇ, ಎಲ್ಲರಿಗೂ ಒಂದೇ ಅಳತೆ ಇರಬೇಕಲ್ಲವೇ ಎಂದರು. ಮಾತು ಸುಳ್ಳಲ್ಲ. ಕೊನೆಗೆ ನನ್ನತ್ತ ತಿರುಗಿದರು. “ನೀವು ಅವಳ ಮೇಷ್ಟ್ರು. ನೀವು ಹೇಳಿ, ಹಾಕ್ತೀನಿ.”

ನಾನು ಏನು ಹೇಳಬೇಕಿತ್ತು? ಉತ್ತರ ಬರೋಬರಿ ಇದೆ, ನಿಮ್ಮ ಚೌಕವೇ ಸಣ್ಣದು ಎನ್ನಬೇಕಿತ್ತು. ಅದು ಬಿಟ್ಟು ಬೇರೆ ಶುರು ಮಾಡಿದೆ. ಹುಡುಗಿ ಬಹಳ ಒಳ್ಳೆಯವಳು ಮೇಡಂ. ಎರಡು ಬಸ್ ಬದಲಿಸಿ ಬರುತ್ತಾಳೆ. ಮನೆಯಲ್ಲಿ ಓದಿದವರು ಇವಳೊಬ್ಬಳೇ. ಬಿ.ಎಡ್. ಸೀಟು ಇದೆ. ಸ್ವಲ್ಪ ನೋಡಿ.

ಮೇಡಂ ಬೆರಳು ಟ್ಯಾಬ್ಲೆಟ್‌ನ ಹತ್ತಿರ ಹೋಗಿತ್ತು. ದೇವಮ್ಮ ತಲೆ ತಗ್ಗಿಸಿಕೊಂಡೇ ಬಾಯಿ ತೆರೆದಳು.

“ಸರ್, ನೀವು ನನ್ನ ಮಾರಿ ನೋಡಿ ಕೇಳಾಕತ್ತೀರಿ.”

ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಸುಮ್ಮನೆ ನಿಂತಿದ್ದರೆ ಪಾಸಾಗುತ್ತಿದ್ದಳು. ಅಷ್ಟು ಸುಲಭದ್ದನ್ನು ತಾನೇ ಬೇಡವೆಂದಳು. ಮೇಡಂ ಬೆರಳು ಹಿಂದಕ್ಕೆ ಬಂತು. ಅವಳು ಹಾಗಂದಮೇಲೆ ಹೇಗೆ ಹಾಕಲಿ ಸರ್ ಎಂದು ಮೆಲ್ಲಗೆ ಕೇಳಿದರು. ಕೆಂಪು ಬಿತ್ತು. ನಾನೂ ಸಹಿ ಹಾಕಿದೆ.

ಅವತ್ತಿನಿಂದ ತಲೆಯಲ್ಲಿ ಒಂದೇ ಕಿರಿಕಿರಿ. ಒಂದೇ ಅಳತೆ ಬೇಕು, ಒಪ್ಪಿದೆ. ಆದರೆ ಆ ಅಳತೆ ಯಾವ ಊರಿನಲ್ಲಿ ತಯಾರಾಯಿತು? ಯಾರ ಬಾಯಿಯ ಕನ್ನಡಕ್ಕೆ ಹೊಂದಿಸಿ ಮಾಡಿದರು? ಬಾಯಿಪಾಠ ಮಾಡಿದ್ದು ಎಣಿಕೆಗೆ ಸಿಗುತ್ತದೆ, ಎಣಿಸುತ್ತೇವೆ. ಮೈಗೆ ಹತ್ತಿದ್ದು ಸಿಗುವುದಿಲ್ಲ, ಬಿಡುತ್ತೇವೆ. ಆಮೇಲೆ ರಿಪೋರ್ಟ್‌ನಲ್ಲಿ ‘ಕಲಿಕೆ ಆಗಿಲ್ಲ’ ಎಂದು ಬರೆಯುತ್ತೇವೆ. ಕಲಿಕೆ ಆಗಿಲ್ಲವೋ, ನಮಗೆ ಕಾಣಲಿಲ್ಲವೋ? (ಇದನ್ನೇ ಒಂದು ಪತ್ರ ಮಾಡಿ ವಿಶ್ವವಿದ್ಯಾಲಯಕ್ಕೆ ಕಳಿಸಿದ್ದೇನೆ. ಇನ್ನೂ ಉತ್ತರವಿಲ್ಲ. ನನಗೇನೂ ಆಶ್ಚರ್ಯವಾಗಿಲ್ಲ.)

ಪರೀಕ್ಷೆಯ ದಿನ ಸಂಜೆ ಬಸ್ ಸ್ಟ್ಯಾಂಡಿನಲ್ಲಿ ದೇವಮ್ಮ ಸಿಕ್ಕಿದ್ದಳು. ಅತ್ತು ಕೆಂಪಾದ ಕಣ್ಣು. ಸುರಪುರದ ಬಸ್ಸು ಇನ್ನೂ ಬಂದಿರಲಿಲ್ಲ. ಏನು ಹೇಳುವುದೆಂದು ತೋಚದೆ, ಮುಂದಿನ ಸಲ ಪಾಸಾಗ್ತಿ ಬಿಡು ಎಂದೆ. ತಲೆಯಾಡಿಸಿದಳು. ಆಮೇಲೆ ಕೇಳಿದಳು.

“ಆ ನಂಬರ್ ಎಷ್ಟ್ರಿ ಸರ್?”

“ಹದಿನಾಲ್ಕು.”

“ಅಷ್ಟ ಬೇಕಾಗಿತ್ತೇನ್ರಿ?”

ಹೌದಮ್ಮ, ಅಷ್ಟೇ ಬೇಕಾಗಿತ್ತು ಎನ್ನಲು ನನಗೆ ಬಾಯಿ ಬರಲಿಲ್ಲ. ನಿಮಗೆ ಬರುತ್ತದೆಯೇ?