ಖಲಾಸ್ ಆದ ಮಲ್ಲಪ್ಪ

ಹೋದ ಶುಕ್ರವಾರ ಬರ್ ದುಬೈಯಲ್ಲಿ ಅಬ್ರಾ ದೋಣಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ ಹೆಗಲು ಮುಟ್ಟಿದರು.

"ಗುರ್ತು ಸಿಕ್ತೇನ್ರೀ ಸರ್? ನಾ ಮಲ್ಲಪ್ಪ. ನಿಮ್ಮ ಪೇಪರಿನ್ಯಾಗ ಸತ್ತಾಂವ."

ಆ ಬಿಸಿಲಿನಲ್ಲೂ ಬೆನ್ನು ತಣ್ಣಗಾಯಿತು.

ತೊಂಬತ್ತರ ದಶಕದಲ್ಲಿ ನಾನಿದ್ದದ್ದು ಅಬುಧಾಬಿಯಿಂದ ಪಶ್ಚಿಮಕ್ಕೆ, ನೆಲ ಕೊರೆದು ಎಣ್ಣೆ ತೆಗೆಯುವ ಊರಿನಲ್ಲಿ. ಮರಳು, ಪೈಪು, ಲೇಬರ್ ಕ್ಯಾಂಪು, ಅಷ್ಟೇ. ಓದಲು ಒಂದು ಕನ್ನಡ ಅಕ್ಷರವಿಲ್ಲ. ಹಾಗಾಗಿ ನಾವೇ ಒಂದು ಪತ್ರಿಕೆ ಹುಟ್ಟುಹಾಕಿದೆವು. (ಪತ್ರಿಕೆ ಅನ್ನುವುದು ನಮ್ಮ ಜಂಬ. ಕೈಯಲ್ಲಿ ಬರೆದು ಝೆರಾಕ್ಸ್ ಮಾಡಿದ ನಾಲ್ಕು ಪುಟ.) ಮಷಿನ್ ಇದ್ದದ್ದು ಭಟ್ಕಳದ ಇಸ್ಮಾಯಿಲ್ ಭಾಯಿಯ ಅಂಗಡಿಯಲ್ಲಿ. ಮಷಿನ್ ಇದ್ದವರೇ ಸಂಪಾದಕರು!

ಕಾಂಟ್ರ್ಯಾಕ್ಟ್ ಮುಗಿಸಿ ಊರಿಗೆ ಹೊರಟವರ ಹೆಸರು ಹಾಕಬೇಕಿತ್ತು. ಹೆಡ್ಡಿಂಗ್ ಏನು ಕೊಡುವುದು?

"ಖಲಾಸ್ ಅಂತ ಹಾಕುವ ಮಾರಾಯ್ರೆ. ಇಲ್ಲಿ ಎಲ್ಲರಿಗೂ ಗೊತ್ತುಂಟು," ಅಂದರು ಭಾಯಿ.

ಇಲ್ಲಿ ಗೊತ್ತಿತ್ತು, ನಿಜ. ಇಲ್ಲಿ ಖಲಾಸ್ ಅಂದರೆ ಕೆಲಸ ಮುಗಿಯಿತು. ಊರಲ್ಲಿ ಖಲಾಸ್ ಅಂದರೆ ಮನುಷ್ಯನೇ ಮುಗಿದ. ಆಗ ಇದು ಯಾರಿಗೆ ಹೊಳೆಯಬೇಕು? ಮೊದಲ ಸಂಚಿಕೆಯಲ್ಲೇ ಬಾದಾಮಿ ಕಡೆಯ ಮಲ್ಲಪ್ಪ ಖಲಾಸ್ ಆದ. ಯಾರೋ ಅದೇ ಹಾಳೆಯಲ್ಲಿ ಸೋಪು ಸುತ್ತಿ ಊರಿಗೆ ಕಳಿಸಿದರು. ಮಲ್ಲಪ್ಪ ಮುಂಬೈಯಲ್ಲಿ ಜ್ವರ ಹಿಡಿದು ಮಲಗಿದ್ದಾಗ ಪತ್ರಿಕೆ ಅವನಿಗಿಂತ ಮೊದಲು ಮನೆ ಮುಟ್ಟಿತು. ಮನೆಯವರು ಹೆಣಕ್ಕೆ ಕಾದರು. ಬರಲಿಲ್ಲ. ತಿಥಿ ಮಾಡಿದರು.

"ನಾ ಊರು ಮುಟ್ಟಿದ್ದೂ ಅವತ್ತ ರೀ," ಅಂದ ಮಲ್ಲಪ್ಪ. "ಹಿತ್ತಲದಾಗ ಎಡಿ ಇಟ್ಟಿದ್ರು. ಹೋಳಿಗಿ, ನನಗ ಸೇರೂ ಎಣಗಾಯಿ. ಕಾಗಿ ಮುಟ್ಟವಲ್ದಂತ ಮಂದಿ ಎಲ್ಲಾ ಒಳಗ ಹೋಗಿ ಕುಂತಿದ್ರು. ನನಗೇನ ಗೊತ್ತು? ಬಸ್ಸಿನ್ಯಾಗ ಬಂದು ಹಸದಿದ್ದೆ. ಕುಂತು ಉಂಡೆ."

"ಹೆಂಡತಿ?"

"ಕಿಡಕ್ಯಾಗಿಂದ ನೋಡಿದ್ಲು. ಚೀರಲಿಲ್ಲ. ಕೈ ಮುಗದು, 'ಹೊಟ್ಟಿ ತುಂಬಿತಲ್ಲ, ಇನ್ನ ಹೋಗ್ರಿ' ಅಂದ್ಲು."

ಪಾಪ ಅನ್ನಿಸಿತು. ಹೆದರಿಕೆಯೂ ಆಯಿತು. ಈಗ ಎಲ್ಲ ಸರಿಹೋಗಿದೆಯಲ್ಲ, ಎಂದೆ.

"ಬಳಿ ಹಾಕ್ಕೊಂಡಾಳ, ಕುಂಕುಮ ಹಚ್ಚತಾಳ. ಆದ್ರ ರಜಾಕ್ಕ ಹೋದಾಗೊಮ್ಮೆ ಮೊದಲ ನನ್ನ ಪಾದ ನೋಡತಾಳ್ರೀ. ಮಾರಿ ಆಮ್ಯಾಲ."

(ದೆವ್ವಕ್ಕೆ ಪಾದ ಹಿಂದುಮುಂದು ಎಂದು ನಮಗೆಲ್ಲ ಅಜ್ಜಿಯರು ಹೇಳಿಕೊಟ್ಟದ್ದೇ.)

ಅಷ್ಟರಲ್ಲಿ ಅವನು ಹತ್ತಬೇಕಾದ ಅಬ್ರಾ ಬಂತು. "ಬರ್ತೀನ್ರೀ ಸರ್," ಎಂದು ಮಲ್ಲಪ್ಪ ದೋಣಿಯತ್ತ ನಡೆದ.

ಪತ್ರಿಕೆ ಕಟ್ಟಿದ, ನಾಲ್ಕಕ್ಷರ ಬಲ್ಲ ನನ್ನ ಕಣ್ಣು ಆಗ ಎಲ್ಲಿಗೆ ಹೋಯಿತು, ಹೇಳಬೇಕೇ?