ಅತ್ತೆ ಹೊಲಿದ ಕೂಸಿನಂಗಿ
ಸೊಸೆಗೆ ಏಳು ತಿಂಗಳು ತುಂಬಿದಾಗಿನಿಂದ ಅತ್ತೆಯ ಕಣ್ಣು ಮನೆಯವರ ಹಳೇ ಬಟ್ಟೆಗಳ ಮೇಲೆ. ಆದರೆ ಯಾವ ಬಟ್ಟೆಯನ್ನೂ ಆಕೆ ಸುಲಭಕ್ಕೆ ನಂಬುವವಳಲ್ಲ. ಮೈದುನನ ಬನಿಯನ್ನನ್ನು ಕೆನ್ನೆಗೆ ಉಜ್ಜಿ, "ಇದು ಮೆತ್ತಗಿರೋ ನಾಟಕ ಆಡ್ತಿದೆ" ಎಂದು ಆಚೆ ಎಸೆಯುವಳು. ಮಾವನ ಪೈಜಾಮವನ್ನು ಮೂರು ಸಲ ಕುದಿಸಿ, ಬಣ್ಣ ಬಿಟ್ಟಿತೇನೋ ಎಂದು ಆ ನೀರನ್ನು ಕಳ್ಳನನ್ನು ನೋಡುವಂತೆ ನೋಡುವಳು. ಗುಂಡಿ ಕಂಡರೆ ಕಿತ್ತು ಲಾಡಿ ಹೊಲಿಯುವಳು. ಹೊಲಿಗೆಯ ಅಂಚು ಕೂಸಿಗೆ ಒತ್ತೀತೆಂದು ಹೊರಮೈಗೇ ಬಿಡುವಳು. ಮುಗಿದ ಅಂಗಿಯೊಳಗೂ ಬೆರಳಿಟ್ಟು ಇಂಚಿಂಚೂ ತಡಕುವಳು. "ಯಾರ ಮೇಲತ್ತೆ ನಿಮಗಿಷ್ಟು ಅನುಮಾನ?" ಎಂದು ಸೊಸೆ ಒಂದು ದಿನ ನಕ್ಕಳು. ಅತ್ತೆ ನಗಲಿಲ್ಲ. "ನನ್ನ ಮೇಲೇ ಕಣಮ್ಮ. ನಿನ್ನ ಗಂಡನ ಬೆನ್ನಲ್ಲಿ ಗೀಟಿನಂಥ ಕಲೆ ಇದೆಯಲ್ಲ, ಅದು ಅವನ ಮೊದಲನೇ ಅಂಗೀಲಿ ನಾನು ಮರೆತಿದ್ದ ಸೂಜಿಯದು." ಆಮೇಲೆ ಅಂಗಿಯನ್ನು ಸೊಸೆಯ ಮಡಿಲಿಗಿಟ್ಟಳು. "ನೀನೂ ಒಂದ್ಸಲ ನೋಡ್ಬಿಡು."